ಗುರುವಿನ ಮೇಲಿನ ಮಿಂಚಿಗೆ ಕಲರ್ ಕ್ಯಾಮೆರಾನೇ ಸರಿ, ಮೀಥೇನ್ ಫಿಲ್ಟರ್ ಆಮೇಲೆ

8 ಇಂಚಿನ ಟೆಲಿಸ್ಕೋಪಿಗೆ ಕಲರ್ ಕ್ಯಾಮೆರಾ, ಮೀಥೇನ್ ಫಿಲ್ಟರ್ ಎರಡನ್ನೂ ಹಾಕಿ ನೋಡಿದ ಮೇಲಿನ ಮಾತು ಇದು. ಗುರುಗ್ರಹಕ್ಕೆ ಬಡಿಯುವ 5ರಿಂದ 20 ಮೀಟರ್ ಬಂಡೆಗಳ ಕ್ಷಣಿಕ ಬೆಳಕು, ಅಂದರೆ ಮಿಂಚು, ಹಿಡಿಯಬೇಕಿದ್ದರೆ ಮೊದಲು ಕಲರ್ ಕ್ಯಾಮೆರಾ ಕೊಳ್ಳಿ.

ಗುರುವಿನ ಮೀಥೇನ್ ಅನಿಲ ಹೀರಿಕೊಳ್ಳುವ 890 ನ್ಯಾನೋಮೀಟರ್ ಬೆಳಕನ್ನಷ್ಟೇ ಬಿಡುವ ಮೀಥೇನ್ ಫಿಲ್ಟರಿನಲ್ಲಿ ಗುರು ಮಂಕಾಗುವುದರಿಂದ ಮಿಂಚು ಎದ್ದು ಕಾಣುತ್ತದೆ, ನಿಜ. 2021ರ ಅಕ್ಟೋಬರ್ 15ರ ದೊಡ್ಡ ಬಡಿತವನ್ನು ಕ್ಯೋಟೋದ ತಂಡ ಮೀಥೇನ್ ಪಟ್ಟಿಯಲ್ಲೂ ಹಿಡಿಯಿತು. ಆದರೆ ಅವರದು 28 ಸೆಂ.ಮೀ. ಟೆಲಿಸ್ಕೋಪು, ಜೊತೆಗೆ ಬೇರೆ ತರಂಗಾಂತರವೂ ಏಕಕಾಲಕ್ಕೆ. ಆ ಬೆಳಕು ಸುಮಾರು 5 ಸೆಕೆಂಡು ಇತ್ತು. ಮಾಮೂಲಿಯವು ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತವೆ. 8 ಇಂಚಿನಲ್ಲಿ ಮೀಥೇನಿಗೆ 100 ಮಿಲಿಸೆಕೆಂಡು ಎಕ್ಸ್‌ಪೋಶರ್ ಕೊಟ್ಟರೆ ಸೆಕೆಂಡಿಗೆ 10 ಫ್ರೇಮು, ಅದೂ ಗೇನ್ (ಕ್ಯಾಮೆರಾದ ವರ್ಧನೆ) ಏರಿಸಿದ ಗದ್ದಲದ ಫ್ರೇಮು. ಕಲರಿನಲ್ಲಿ ಆರಾಮಾಗಿ 60 ಸಿಗುತ್ತದೆ.

ಬಡಿತ ಗುರುವಿನ ಮೇಲೆ ಬಿಡುವ ಗಾಯದ ಕಲೆ ನೋಡಲು ಮೀಥೇನೇ ಮೇಲು. ಆದರೆ 2009ರ ಜುಲೈನಲ್ಲಿ ಆಸ್ಟ್ರೇಲಿಯಾದ ಹವ್ಯಾಸಿ ವೀಕ್ಷಕ ಆಂಥನಿ ವೆಸ್ಲಿ ಕಂಡಂಥ ಕಲೆ ಈ ಚಿಕ್ಕ ಬಂಡೆಗಳಿಂದ ಉಳಿಯುವುದಿಲ್ಲ. 2010ರ ಜೂನ್ 3ರ ಮಿಂಚಿನ ನಂತರ ಹಬಲ್ ಹುಡುಕಿದರೂ ಏನೂ ಸಿಗಲಿಲ್ಲ.

ಕಲರ್ ಕ್ಯಾಮೆರಾದ ತಲೆನೋವು ಒಂದೇ, ಡಿಸ್ಕು. ರೆಕಾರ್ಡಿಂಗ್ ಸಾಫ್ಟ್‌ವೇರನ್ನು ಆರ್‌ಜಿಬಿ24ನಲ್ಲಿ ಬಿಟ್ಟರೆ ಪ್ರತಿ ಪಿಕ್ಸೆಲ್ಲಿಗೆ ಮೂರು ಬೈಟು. 640×480, 60 ಫ್ರೇಮಿಗೆ ಗಂಟೆಗೆ ಸುಮಾರು 200 ಜಿಬಿ ಹೋಗುತ್ತದೆ. ಹಳೆಯ ಹಾರ್ಡ್‌ಡಿಸ್ಕ್ ಮಧ್ಯೆ ಉಸಿರು ಕಟ್ಟಿ ಫ್ರೇಮು ಬೀಳಿಸುತ್ತದೆ, ಮಿಂಚು ಆ ಸಂದಿಯಲ್ಲೇ ಹೋಗಿರಬಹುದು. ರಾ8 (ಪಿಕ್ಸೆಲ್ಲಿಗೆ ಒಂದೇ ಬೈಟು) ಹಾಕಿ, ಬಣ್ಣ ಕೂಡಿಸುವುದನ್ನು ಆಮೇಲೆ ಮಾಡಿ. ಅದೇ ಒಂದು ಗಂಟೆ 66 ಜಿಬಿಗೆ ಇಳಿಯುತ್ತದೆ. ಎಸ್‌ಇಆರ್ ಫೈಲಾಗಿ (ಗ್ರಹಗಳ ವಿಡಿಯೋಗೆ ಬಳಸುವ ಮಾದರಿ) ಎಸ್‌ಎಸ್‌ಡಿಗೇ ಬರೆಯಿರಿ, ಬಿದ್ದ ಫ್ರೇಮುಗಳ ಎಣಿಕೆಯ ಮೇಲೆ ಕಣ್ಣಿರಲಿ.

ಇನ್ನೊಂದು: ಫ್ರೇಮುಗಳನ್ನು ಒಂದೇ ಚಿತ್ರವಾಗಿ ಸ್ಟ್ಯಾಕ್ ಮಾಡಿದ ತಕ್ಷಣ ವಿಡಿಯೋ ಅಳಿಸಬೇಡಿ. 90 ಸೆಕೆಂಡಿನ ಸರಾಸರಿಯಲ್ಲಿ ಒಂದೂವರೆ ಸೆಕೆಂಡಿನ ಮಿಂಚು ಕರಗಿಹೋಗುತ್ತದೆ. ಮೊದಲು ಫ್ರಾನ್ಸಿನ ಹವ್ಯಾಸಿ ವೀಕ್ಷಕ ಮಾರ್ಕ್ ಡೆಲ್‌ಕ್ರೋವಾ ಅವರ ಡಿಟೆಕ್ಟ್ (ವಿಡಿಯೋದಲ್ಲಿ ಮಿಂಚು ಹುಡುಕುವ ಸಾಫ್ಟ್‌ವೇರ್) ಓಡಿಸಿ. ಒಂದೇ ಫ್ರೇಮಿನ ಚುಕ್ಕೆ ಕಾಸ್ಮಿಕ್ ಕಿರಣ, ಉದ್ದ ಗೆರೆ ಎಳೆದರೆ ಉಪಗ್ರಹ. ಗ್ರಹದ ಜೊತೆಗೇ ಅಲುಗುತ್ತಾ ಹತ್ತಾರು ಫ್ರೇಮುಗಳಲ್ಲಿ ಬೆಳಕು ಏರಿ ಇಳಿದರೆ ಮಾತ್ರ ಎದೆ ಹೊಡೆದುಕೊಳ್ಳಲಿ.

ಕಂಪ್ಯೂಟರಿನ ಗಡಿಯಾರ ಇಂಟರ್‌ನೆಟ್ ಸಮಯಕ್ಕೆ ಹೊಂದಿಸಿ. ಎಡಿಸಿ (ವಾತಾವರಣ ಚದುರಿಸಿದ ಬಣ್ಣಗಳನ್ನು ಸರಿಪಡಿಸುವ ಪ್ರಿಸಮ್) ಗುರು ಎತ್ತರದಲ್ಲಿದ್ದಾಗ ಬೇಡ. ಗುರು ಮಿಥುನದಲ್ಲಿರುವಾಗ ಕರ್ನಾಟಕದಲ್ಲಿ ನೆತ್ತಿಯ ಹತ್ತಿರಕ್ಕೇ ಬರುತ್ತದೆ.

ದಿನಾ ಎರಡು ಗಂಟೆ ಬಿಡದೆ ರೆಕಾರ್ಡ್ ಮಾಡುವ ಅಭ್ಯಾಸಕ್ಕೆ, ಮಧ್ಯಮ ಜೇಬಿಗೆ ನನ್ನ ಓಟು ಕಲರಿಗೇ. ಫಿಲ್ಟರಿನ ದುಡ್ಡಿಗೆ ಎಸ್‌ಎಸ್‌ಡಿ ಕೊಳ್ಳಿ. ಏನೂ ಸಿಗದ ರಾತ್ರಿಯ ಲಾಗ್ ಕೂಡ ಡೆಲ್‌ಕ್ರೋವಾ ಅವರಿಗೆ ಕಳಿಸಿ: ವರ್ಷಕ್ಕೆಷ್ಟು ಬಡಿತ ಎಂದು ಲೆಕ್ಕ ಹಾಕಲು ಒಟ್ಟು ಎಷ್ಟು ಗಂಟೆ ನೋಡಿದ್ದಾಯಿತು ಎಂಬುದೂ ಬೇಕು.