ಕೆಂಗೇರಿ ಕಡೆ ಬಾಡಿಗೆ ಮನೆ: ಉಪನಗರವೋ, ಮೈಸೂರು ರಸ್ತೆಯ ಅಂಚೋ, ವಿಶ್ವೇಶ್ವರಯ್ಯ ಬಡಾವಣೆಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೆಂಗೇರಿ ಉಪನಗರಕ್ಕೆ. ಮೂರೂ ಕಡೆ ಬಾಡಿಗೆಗಿದ್ದು ನೋಡಿದ ಮೇಲೆ ಹೇಳುತ್ತಿರುವ ಮಾತಿದು. ಮಂಡ್ಯ ಬಿಟ್ಟು ಬರುವಾಗ ನಮಗೆ ಕೆಂಗೇರಿ ಕಡೆಯೇ ಮನೆ ಬೇಕಿತ್ತು. ನಮ್ಮ ಮನೆಯವರ ಕೆಲಸ ಬಿಡದಿ ಕೈಗಾರಿಕಾ ಪ್ರದೇಶದಲ್ಲಿ, ನನ್ನದು ಗಾಂಧಿನಗರದಲ್ಲಿ. ಇಬ್ಬರಿಗೂ ನಡುವೆ ಸಿಗುವ ಜಾಗ ಇದೇ. ಕಾರಿಲ್ಲ, ಒಂದು ಸ್ಕೂಟರ್ ಇದೆ. ಬಾಡಿಗೆ 18 ಸಾವಿರ ದಾಟಬಾರದು ಅಂತ ಲೆಕ್ಕ ಹಾಕಿಕೊಂಡಿದ್ದೆವು. ನಿಮ್ಮ ಆಫೀಸು ವೈಟ್‌ಫೀಲ್ಡ್‌ನಲ್ಲಿದ್ದರೆ, ಮನೆ ಮುಂದೆ ಕಾರು ನಿಲ್ಲಿಸಲೇಬೇಕು ಅಂತಿದ್ದರೆ ನಿಮ್ಮ ಲೆಕ್ಕ ಬೇರೆಯಾಗುತ್ತದೆ.

ಮೊದಲು ಹಿಡಿದದ್ದು ಮೈಸೂರು ರಸ್ತೆಗೆ ಅಂಟಿಕೊಂಡ ಮನೆ, ಪಟ್ಟಣಗೆರೆ ಮೆಟ್ರೋ ಸ್ಟೇಷನ್ನಿನ ಹತ್ತಿರ. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗ ಕೆಂಗೇರಿವರೆಗೆ ಬಂದಿತ್ತು. ಸ್ಟೇಷನ್ನಿಗೆ ನಡೆದೇ ಹೋಗಬಹುದು, ಅಡುಗೆಮನೆ ದೊಡ್ಡದು, ಗಾಳಿ ಬೆಳಕು ಚೆನ್ನಾಗಿದೆ, ಬಾಡಿಗೆಯೂ ನಮ್ಮ ಕೈಗೆಟುಕುವಂಥದ್ದು. ಬ್ರೋಕರ್ ಮನೆ ತೋರಿಸಿದ್ದು ಬೆಳಗ್ಗೆ ಹನ್ನೊಂದು ಗಂಟೆಗೆ. ಚೆನ್ನಾಗಿ ಬಿಸಿಲಿತ್ತು.

ಆ ಹನ್ನೊಂದು ಗಂಟೆ ಅನ್ನುವುದೇ ಇಲ್ಲಿ ಮುಖ್ಯ. ಈ ರಸ್ತೆಯ ಉದ್ದಕ್ಕೂ ವೃಷಭಾವತಿ ಹರಿಯುತ್ತಾಳೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತಾಳೆ ಅಂತ ಜನ ನಂಬಿಕೊಂಡು ಬಂದ ನದಿ. ಕೆಂಗೇರಿ ದಾಟಿ ಬೈರಮಂಗಲ ಕೆರೆಗೆ ಹೋಗಿ, ಅಲ್ಲಿಂದ ಮುಂದೆ ಅರ್ಕಾವತಿಗೆ ಸೇರುತ್ತಾಳೆ. ಈಗ ಅವಳಲ್ಲಿ ಹರಿಯುವುದು ಬಹುಪಾಲು ಊರಿನ ಕೊಳಚೆ, ಜೊತೆಗೆ ಕಾರ್ಖಾನೆಗಳ ನೀರು. ಹಗಲು ಬಿಸಿಲಿಗೆ ನೆಲ ಕಾದು ಗಾಳಿ ಮೇಲೇಳುತ್ತದೆ, ವಾಸನೆ ಚದುರಿ ಹೋಗುತ್ತದೆ. ಮನೆ ನೋಡಲು ಬಂದವರಿಗೆ ಗೊತ್ತೇ ಆಗುವುದಿಲ್ಲ. ರಾತ್ರಿ ತಂಪಾದ ಮೇಲೆ ಗಾಳಿ ನೆಲಕ್ಕೆ ಕೂರುತ್ತದೆ. ಆಗ ಶುರು. ಡಿಸೆಂಬರ್, ಜನವರಿಯಲ್ಲಂತೂ ರಾತ್ರಿ ಊಟಕ್ಕೆ ಕೂತರೆ ಸಾರಿನ ಒಗ್ಗರಣೆಯ ಘಮವನ್ನೂ ಮೀರಿ ಕೊಳೆತ ಮೊಟ್ಟೆಯ ನಾತ. ಕಿಟಕಿ ಮುಚ್ಚಿದರೂ ಬಚ್ಚಲಿನ ಜಾಲರಿಯಿಂದ ಬರುತ್ತದೆ. ಮಹಡಿ ಮೇಲೆ ಒಣಹಾಕಿದ ಬಟ್ಟೆಯನ್ನು ಸಂಜೆಯೊಳಗೆ ತೆಗೆಯದಿದ್ದರೆ ಮತ್ತೆ ಒಗೆಯಬೇಕು.

ದೇವರ ಮುಂದೆ ಒಂದು ಬೆಳ್ಳಿ ಕುಂಕುಮದ ಬಟ್ಟಲು ಇಟ್ಟಿದ್ದೆ, ನಮ್ಮಮ್ಮ ಕೊಟ್ಟದ್ದು. ಮಂಡ್ಯದಲ್ಲಿ ಹಬ್ಬಕ್ಕೊಮ್ಮೆ ಉಜ್ಜಿದರೆ ಸಾಕಿತ್ತು. ಇಲ್ಲಿ ವಾರ ಕಳೆಯುವಷ್ಟರಲ್ಲಿ ಅಂಚೆಲ್ಲ ಹಳದಿಯಾಗಿ, ಆಮೇಲೆ ಕಂದಾಗಿ, ಕೊನೆಗೆ ಪೂರ್ತಿ ಕಪ್ಪಾಗುತ್ತಿತ್ತು. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ತಾಗಿದರೆ ಬೆಳ್ಳಿ ಹೀಗೇ ಕಪ್ಪಾಗುತ್ತದೆ. ಬೆಳ್ಳಿಗೇ ಹೀಗಾದರೆ ಮಕ್ಕಳ ಎದೆಗೂಡಿನ ಗತಿ ಏನು ಅಂತ ನಮ್ಮತ್ತೆ ಕೇಳಿದರು. ಓನರ್ ಹತ್ತಿರ ಹೇಳಿದರೆ, "ಸ್ವಲ್ಪ ದಿನ ಇರಿ ಮೇಡಂ, ಅಭ್ಯಾಸ ಆಗುತ್ತೆ" ಅಂದರು. ಅಭ್ಯಾಸ ಆಗುವುದು ನಿಜ, ಅದೇ ನನಗೆ ಭಯ ಹುಟ್ಟಿಸಿದ್ದು. ಊರಿಂದ ಬಂದ ನೆಂಟರು ಮೂಗು ಮುಚ್ಚಿಕೊಂಡಾಗಲೇ ನಮಗೆ ನೆನಪಾಗುತ್ತಿತ್ತು.

ಹಾಗಾಗಿ ಈ ರಸ್ತೆಯ ಪಕ್ಕ ಮನೆ ನೋಡುವವರು ರಾತ್ರಿ ಒಂಬತ್ತರ ಮೇಲೆ ಒಮ್ಮೆ, ಬೆಳಗ್ಗೆ ಆರರೊಳಗೆ ಒಮ್ಮೆ ಹೋಗಿ ನಿಲ್ಲಿ. ಪಕ್ಕದ ಅಂಗಡಿಯಲ್ಲಿ ಹಾಲು ತೆಗೆದುಕೊಳ್ಳುವ ನೆಪದಲ್ಲಾದರೂ ಸರಿ. ಓನರ್‌ನ ಕೇಳಬೇಡಿ, ಅಂಗಡಿಯವರನ್ನು ಕೇಳಿ. ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಮಕ್ಕಳಿಗೆ ಈ ಜಾಗ ಅನುಕೂಲವೇ. ಹಗಲೆಲ್ಲ ಕಾಲೇಜು, ನಾಲ್ಕು ವರ್ಷ ಮುಗಿದರೆ ಹೊರಟುಬಿಡುತ್ತಾರೆ. ಸಂಸಾರಕ್ಕೆ ನಾನು ಬೇಡ ಅಂತೀನಿ.

ಎರಡನೆಯದು ವಿಶ್ವೇಶ್ವರಯ್ಯ ಬಡಾವಣೆ, ಉಲ್ಲಾಳದ ಕಡೆ. ಬಿಡಿಎ ಮಾಡಿದ ಬಡಾವಣೆ. ಅಗಲ ರಸ್ತೆ, ಹೊಸ ಮನೆಗಳು, ಒಳ್ಳೆಯ ಗಾಳಿ. ನಾತ ಇಲ್ಲವೇ ಇಲ್ಲ, ಅಲ್ಲಿಗೆ ಹೋದ ಮೊದಲ ರಾತ್ರಿ ಎಲ್ಲ ಕಿಟಕಿ ತೆಗೆದು ಮಲಗಿದೆವು. ಅದೇ ಬಾಡಿಗೆಗೆ ಮನೆಯೂ ದೊಡ್ಡದು ಸಿಕ್ಕಿತು, ಎರಡು ಬಾಲ್ಕನಿ.

ಆದರೆ ನಾವಿದ್ದ ಕಟ್ಟಡಕ್ಕೆ ಬೋರ್‌ವೆಲ್ ನೀರೇ ಗತಿ. 2024ರ ಬೇಸಿಗೆಯಲ್ಲಿ ಅದೂ ಕೈಕೊಟ್ಟಿತು. ಆ ಮಾರ್ಚ್‌ನಲ್ಲಿ ಬೆಂಗಳೂರಿನ ಟ್ಯಾಂಕರ್‌ಗಳಿಗೆ ಸರ್ಕಾರವೇ ದರ ನಿಗದಿ ಮಾಡಬೇಕಾಗಿ ಬಂದದ್ದು ನಿಮಗೂ ನೆನಪಿರಬಹುದು. ದರ ನಿಗದಿಯಾದ ಮೇಲೂ ಟ್ಯಾಂಕರ್ ಬರಬೇಕಲ್ಲ. ಹಾಗಾಗಿ ಆ ಕಡೆ ಮನೆ ನೋಡಿದರೆ ಕಾವೇರಿ ಲೈನ್ ಇದೆಯಾ ಅಂತ ಕೇಳಿ ಸುಮ್ನೆ ಬರಬೇಡಿ, ಸಂಪಿನ ಮುಚ್ಚಳ ತೆಗೆಸಿ ನೋಡಿ, ನೀರು ಯಾವ ದಿನ ಬರುತ್ತದೆ ಅಂತ ಪಕ್ಕದ ಮನೆಯಲ್ಲೂ ವಿಚಾರಿಸಿ. ಇನ್ನೊಂದು ವಿಷಯ ಓಡಾಟ. ಸ್ಕೂಟರ್ ನಮ್ಮ ಮನೆಯವರ ಜೊತೆ ಬಿಡದಿಗೆ ಹೋದರೆ ನನಗೆ ಮೆಟ್ರೋವರೆಗೆ ಆಟೋ ಬೇಕು. ಬಸ್ಸು ನಂಬಿಕೊಂಡರೆ ಹೊತ್ತಿಗೆ ಸಿಗುವುದಿಲ್ಲ. ರಾತ್ರಿ ಎಂಟರ ಮೇಲೆ ಖಾಲಿ ಸೈಟುಗಳ ಪಕ್ಕ ಒಬ್ಬಳೇ ನಡೆದು ಬರುವುದು ನನಗೆ ಹಿಡಿಸಲಿಲ್ಲ. ಕಾರಿರುವವರು, ಮನೆಯಿಂದಲೇ ಕೆಲಸ ಮಾಡುವವರು ಕಾವೇರಿ ನೀರಿರುವ ಬ್ಲಾಕ್ ನೋಡಿಕೊಂಡು ಧಾರಾಳವಾಗಿ ಹೋಗಬಹುದು.

ರಾಜರಾಜೇಶ್ವರಿ ನಗರ ಚೆಂದದ ಜಾಗ, ನಮ್ಮ ಬಜೆಟ್‌ಗೆ ದಕ್ಕಲಿಲ್ಲ. ಅಲ್ಲಿ ಇದ್ದು ನೋಡದ ಕಾರಣ ಜಾಸ್ತಿ ಹೇಳುವುದಿಲ್ಲ.

ಇನ್ನು ಉಪನಗರ. ಮನೆಗಳು ಹಳೆಯವು, ರೂಮು ಚಿಕ್ಕವು. ನಮ್ಮ ಅಡುಗೆಮನೆಯಲ್ಲಿ ಇಬ್ಬರು ಒಟ್ಟಿಗೆ ನಿಂತರೆ ಫ್ರಿಜ್ ಬಾಗಿಲು ತೆಗೆಯಲು ಆಗುವುದಿಲ್ಲ. ಗಾಳಿ ತಿರುಗಿದ ಕೆಲವು ರಾತ್ರಿ ವೃಷಭಾವತಿಯ ವಾಸನೆ ಇಲ್ಲಿಗೂ ಸಣ್ಣಗೆ ಬರುತ್ತದೆ, ಬೆಳ್ಳಿ ಬಟ್ಟಲು ಮಾತ್ರ ಕಪ್ಪಾಗಿಲ್ಲ. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಸಂಪು ತುಂಬಿಸಿಕೊಂಡರೆ ಸಾಕು.

ನನಗೆ ಇಲ್ಲಿ ಬಹಳ ಇಷ್ಟವಾದದ್ದು ಮೆಟ್ರೋದಲ್ಲಿ ಸಿಗುವ ಸೀಟು. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ಚಲ್ಲಘಟ್ಟದಿಂದ ಶುರುವಾಗುತ್ತದೆ. ಕೆಂಗೇರಿ ಅದರ ಮುಂದಿನ ಸ್ಟೇಷನ್, ಅದಾದ ಮೇಲೆ ಕೆಂಗೇರಿ ಬಸ್ ಟರ್ಮಿನಲ್. ಬೆಳಗ್ಗೆ ಎಂಟೂವರೆಗೂ ಇಲ್ಲಿ ಕೂರಲು ಜಾಗ ಸಿಗುತ್ತದೆ. ಪಟ್ಟಣಗೆರೆಯಲ್ಲಿ ಹತ್ತುತ್ತಿದ್ದಾಗ ಮೆಜೆಸ್ಟಿಕ್‌ವರೆಗೆ ನಿಂತೇ ಹೋಗುತ್ತಿದ್ದೆ. ಸೊಂಟನೋವು ಇರುವ ನನ್ನಂಥವರಿಗೆ ಆ ಅರ್ಧ ಗಂಟೆ ಕೂತು ಹೋಗುವುದು ದೊಡ್ಡ ವಿಷಯ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಆಮೇಲೆ ತಿಂಗಳ ಕೊನೆಯಲ್ಲಿ ಕೈ ಬಿಗಿಯಾದಾಗ ಬಿಎಂಟಿಸಿ ಹತ್ತುತ್ತೇನೆ. ಶಕ್ತಿ ಯೋಜನೆಯಲ್ಲಿ ನನಗೆ ಟಿಕೆಟ್ ದುಡ್ಡಿಲ್ಲ, ಬಸ್ ನಿಲ್ದಾಣ ಮನೆ ಹತ್ತಿರವೇ. ಈ ಆಯ್ಕೆ ಬೇರೆರಡು ಕಡೆ ಇಷ್ಟು ಸಲೀಸಾಗಿರಲಿಲ್ಲ.

ಅತ್ತೆಗೂ ಇದೇ ಇಷ್ಟ. ಮಂಡ್ಯದಲ್ಲಿ ರೈಲು ಹತ್ತಿದರೆ ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ ಕಳೆದು ಕೆಂಗೇರಿಯಲ್ಲೇ ಇಳಿಯುತ್ತಾರೆ. ಮೆಜೆಸ್ಟಿಕ್ ಗದ್ದಲಕ್ಕೆ ಹೋಗಬೇಕಾಗಿಲ್ಲ. ಸೊಪ್ಪು, ತರಕಾರಿ, ಹೂವು, ರಾಗಿ ಬೀಸುವ ಮಿಲ್ಲು ಎಲ್ಲ ನಡೆದು ಹೋಗುವಷ್ಟು ದೂರದಲ್ಲಿವೆ. ಆಕೆ ಬಂದರೆ ಮನೆಯಲ್ಲಿ ಬೇಜಾರಾಗಿ ಕೂರುವುದಿಲ್ಲ, ಸಂಜೆ ಪಾರ್ಕಿನಲ್ಲಿ ಗೆಳತಿಯರನ್ನೂ ಮಾಡಿಕೊಂಡಿದ್ದಾರೆ.

ನಮ್ಮ ಮನೆಯವರ ಬಿಡದಿ ದಾರಿಯೂ ಇಲ್ಲಿಂದ ಹತ್ತಿರವಾಯಿತು. 2023ರ ಆಗಸ್ಟ್‌ನಿಂದ ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಸ್ಕೂಟರ್ ಬಿಡುವುದಿಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಶುಕ್ರವಾರ ಸಂಜೆ ಊರಿಗೆ ಹೊರಟ ಕಾರುಗಳ ಸಾಲು ಇದ್ದೇ ಇರುತ್ತದೆ, ಆ ಒಂದು ದಿನ ಅವರು ರೈಲು ನೋಡಿಕೊಳ್ಳುತ್ತಾರೆ.

ದುಡ್ಡಿನ ಮಾತು: ಇಲ್ಲಿನ ಓನರ್ ಬಾಡಿಗೆ 17 ಸಾವಿರ, ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು. ಆರು ತಿಂಗಳಿಗೆ ಒಪ್ಪಿಸಿದೆವು. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತೀರಿ ಅಂತ ಮೊದಲೇ ಕೇಳಿ ಕರಾರಿನಲ್ಲಿ ಬರೆಸಿಕೊಂಡೆವು. ಹಾಗೆಯೇ, ಅಡ್ವಾನ್ಸ್ ಕೊಡುವ ಮುಂಚೆ ಆ ಮನೆಯ ಮೀಟರ್‌ಗೆ ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಸೇರಿಕೊಂಡಿದೆಯಾ ನೋಡಿಸಿ. ಅದನ್ನು ಬಿಡಿಸದೆ ಗೃಹಜ್ಯೋತಿ ನಿಮ್ಮ ಹೆಸರಿಗೆ ಬರುವುದಿಲ್ಲ. ಹಿಂದಿನವರು ಊರು ಬಿಟ್ಟ ಮೇಲೆ ಫೋನ್ ಮಾಡಿ ಹುಡುಕುವುದಕ್ಕಿಂತ, ಕೀ ಕೈಗೆ ಬರುವ ಮುಂಚೆ ಓನರ್ ಕೈಯಲ್ಲೇ ಆ ಕೆಲಸ ಮುಗಿಸಿಕೊಳ್ಳಿ.