ಮೊಣಕಾಲಿನ ಇಂಜೆಕ್ಷನ್ನೂ ಔಷಧಿಯೇ: ಎಚ್‌ಐವಿ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಮನೆಯಲ್ಲಿದ್ದರೆ ಓದಿ

ಮೂಳೆ ಡಾಕ್ಟರ ಹತ್ತಿರ ಹೋಗುವ ಮುನ್ನ ಅಪ್ಪನ ಔಷಧಿಗಳ ಪಟ್ಟಿ ಬರೆದವಳು ನಾನೇ. ಬಿಪಿ ಮಾತ್ರೆ, ಶುಗರಿನ ಮೆಟ್‌ಫಾರ್ಮಿನ್, ಕ್ಯಾಲ್ಸಿಯಂ ಬರೆದು ಮುಂದಿನ ಸಾಲಿಗೆ ಬಂದಾಗ ಅಪ್ಪ, "ಅದೊಂದು ಬೇಡಮ್ಮ" ಅಂದರು. ಅದು ಅಂದರೆ ಎಚ್‌ಐವಿ ಮಾತ್ರೆ. ಹತ್ತು ಜನರ ಕೈ ದಾಟುವ ಕಾಗದ, ಕಾಲುನೋವಿಗೂ ಅದಕ್ಕೂ ಏನು ಸಂಬಂಧ ಅಂತ ನನಗೂ ಅನ್ನಿಸಿತು. ಬರೆಯಲಿಲ್ಲ.

ಅಪ್ಪನಿಗೆ 68. ವರ್ಷಗಳಿಂದ ಒಂದು ಡೋಸೂ ತಪ್ಪಿಸಿದವರಲ್ಲ. ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಕಾಣುವುದೇ ಇಲ್ಲ. ಅವರ ಮಾತ್ರೆಗಳಲ್ಲಿ ಒಂದು ರಿಟೊನಾವಿರ್.

ಮೊಣಕಾಲಿಗೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ನೋವು ಬೇಗನೆ ಇಳಿಯಿತು. ಮೂರನೇ ವಾರಕ್ಕೆ ಮುಖ ಗುಂಡಗಾಗಿ ಊದಿತು. "ಚೆನ್ನಾಗಿ ಮೈ ತುಂಬಿಕೊಂಡಿದ್ದೀರಿ" ಅಂತ ನೆಂಟರು ಹೊಗಳಿದ್ದೂ ಆಯ್ತು! ಹೊಟ್ಟೆ ಬಂತು, ಕೈಕಾಲು ಸೊರಗಿತು, ಹಿಡಿತದಲ್ಲಿದ್ದ ಶುಗರ್ 300 ದಾಟಿತು. ಎಚ್‌ಐವಿ ಕ್ಲಿನಿಕ್ಕಿನಲ್ಲಿ "ಹೊಸ ಮಾತ್ರೆ ಏನಾದರೂ ಶುರು ಮಾಡಿದ್ದೀರಾ?" ಅಂತ ಕೇಳಿದರು. ಇಲ್ಲ ಅಂದೆವು. ಸುಳ್ಳೇನಲ್ಲ, ಇಂಜೆಕ್ಷನ್ ಮಾತ್ರೆಯಲ್ಲವಲ್ಲ.

ಆಮೇಲೆ ಸುಸ್ತು ಶುರುವಾಯಿತು. ಒಂದು ಬೆಳಗ್ಗೆ ಹಾಸಿಗೆಯಿಂದ ಎದ್ದವರು ತಲೆ ತಿರುಗಿ ಬಿದ್ದರು. ಆಸ್ಪತ್ರೆಯಲ್ಲಿ ಒಬ್ಬ ಕಿರಿಯ ವೈದ್ಯೆ ಅವರ ಮುಖವನ್ನೇ ನೋಡಿ, "ಕೀಲಿಗೆ, ಮೂಗಿಗೆ, ಉಬ್ಬಸಕ್ಕೆ ಏನಾದರೂ ತೆಗೆದುಕೊಂಡಿದ್ದಾರಾ?" ಅಂತ ಬಿಡಿಸಿ ಕೇಳಿದರು. ಆಗ ಎಲ್ಲ ಹೊರಬಂತು. ಮೈ ತಾನೇ ತಯಾರಿಸಿಕೊಳ್ಳುವ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ರಕ್ತದಲ್ಲಿ ಹೆಸರಿಗಷ್ಟೇ ಇತ್ತು.

ಆಗಿದ್ದು ಇಷ್ಟು. ಜೊತೆಗಿರುವ ಎಚ್‌ಐವಿ ಔಷಧಿ ಬೇಗ ಕರಗಿಹೋಗದಿರಲಿ ಅಂತಲೇ ರಿಟೊನಾವಿರ್ ಕೊಡುವುದು. ಅದು ಲಿವರಿನ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ. ಆ ಸ್ಟೀರಾಯ್ಡನ್ನು ಒಡೆದು ಹೊರಹಾಕಬೇಕಾದದ್ದೂ ಅದೇ ಕಿಣ್ವ. ಹಾಗಾಗಿ ಮೊಣಕಾಲಿಗೆ ಹಾಕಿದ್ದು ವಾರಗಟ್ಟಲೆ ಇಡೀ ಮೈಯಲ್ಲಿ ಓಡಾಡಿತು. ಹೊರಗಿನಿಂದ ಇಷ್ಟು ಬರುತ್ತಿರುವಾಗ ತನಗೇನು ಕೆಲಸ ಅಂತ ಕಾರ್ಟಿಸಾಲ್ ತಯಾರಿಸುವ ಅಡ್ರಿನಲ್ ಗ್ರಂಥಿ ಮಲಗಿಬಿಟ್ಟಿತು. ಕೋಬಿಸಿಸ್ಟಾಟ್ ಇರುವ ಎಚ್‌ಐವಿ ಮಾತ್ರೆಗಳೂ ಹೀಗೇ ಮಾಡುತ್ತವೆ. ಉಬ್ಬಸದ ಇನ್‌ಹೇಲರ್, ಮೂಗಿನ ಸ್ಪ್ರೇಗಳಲ್ಲಿರುವ ಫ್ಲುಟಿಕಾಸೋನ್, ಬ್ಯುಡೆಸೊನೈಡ್ ಎಂಬ ಸ್ಟೀರಾಯ್ಡ್‌ಗಳಿಗೂ ಇದೇ ಗತಿ. ಕೊಲೆಸ್ಟರಾಲಿಗೆ ಕೊಡುವ ಸಿಮ್ವಾಸ್ಟಾಟಿನ್ನನ್ನಂತೂ ರಿಟೊನಾವಿರ್, ಕೋಬಿಸಿಸ್ಟಾಟ್ ಜೊತೆ ಕೊಡಲೇಬಾರದು.

ಅಂತ ಹೆದರಿ ಎಚ್‌ಐವಿ ಮಾತ್ರೆಯನ್ನೋ ಇನ್‌ಹೇಲರನ್ನೋ ನೀವೇ ನಿಲ್ಲಿಸಬೇಡಿ. ರಿಟೊನಾವಿರ್ ನಿಂತರೆ ಮೈಯಲ್ಲಿರುವ ಸ್ಟೀರಾಯ್ಡ್ ಸರ್ರನೆ ಇಳಿದು ಇನ್ನೊಂದು ಅಪಾಯ. ಅಪ್ಪನಿಗೆ ಮೊದಲು ಕಾರ್ಟಿಸಾಲಿನ ಬದಲಿಗೆ ಹೈಡ್ರೊಕಾರ್ಟಿಸೋನ್ ಕೊಟ್ಟು, ಆಮೇಲಷ್ಟೇ ರಿಟೊನಾವಿರ್ ಬಿಡಿಸಿ ಡೊಲುಟೆಗ್ರಾವಿರ್ ಎಂಬ ಇನ್ನೊಂದು ಎಚ್‌ಐವಿ ಔಷಧಿಗೆ ಬದಲಾಯಿಸಿದರು. ಅದಕ್ಕೂ ಅದರದೇ ತಕರಾರುಗಳಿವೆ: ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿಲಿಗ್ರಾಂ ಮೀರದಂತೆ ಇಳಿಸಿದರು, ಕ್ಯಾಲ್ಸಿಯಂ ಖಾಲಿ ಹೊಟ್ಟೆಯಲ್ಲಿ ಅದರ ಜೊತೆ ನುಂಗುವಂತಿಲ್ಲ, ಊಟದ ಜೊತೆಯಾದರೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು.

ತಪ್ಪು ಮೂಳೆ ಡಾಕ್ಟರದ್ದೇ ಅಂತ ನಾನು ಹೇಳಲಾರೆ. ಪಟ್ಟಿ ನನ್ನದು. ಆದರೆ 68ರ ಮನುಷ್ಯನಿಗೆ ಸೂಜಿ ಹಾಕುವ ಮುನ್ನ ಬಾಗಿಲು ಮುಚ್ಚಿ, "ಬರೆಯದೆ ಬಿಟ್ಟದ್ದು ಏನಾದರೂ ಇದೆಯಾ?" ಅಂತ ಒಂದು ಮಾತು ಕೇಳಿದ್ದರೆ ಅಪ್ಪ ಹೇಳುತ್ತಿದ್ದರು ಅಂತಲೇ ನನಗನ್ನಿಸುತ್ತದೆ. ನೀವಾದರೂ ಅವರು ಕೇಳಲಿ ಅಂತ ಕಾಯಬೇಡಿ. ಕಾಗದದಲ್ಲಿ ಬೇಡವೆಂದರೆ ಡಾಕ್ಟರ ಕಿವಿಯಲ್ಲೇ ಹೇಳಿ. ಲಿವರ್‌ಪೂಲ್ ವಿಶ್ವವಿದ್ಯಾಲಯದವರು ನಡೆಸುವ ಎಚ್‌ಐವಿ ಔಷಧಿ ಹೊಂದಾಣಿಕೆಯ ತಾಣ ಉಚಿತ. ಎರಡು ಔಷಧಿಯ ಹೆಸರು ಕೊಟ್ಟರೆ ಕೂಡುತ್ತವೋ ಇಲ್ಲವೋ ತೋರಿಸುತ್ತದೆ. ಆ ವೈದ್ಯೆ ನಮ್ಮೆದುರೇ ಮೊಬೈಲಿನಲ್ಲಿ ನೋಡಿದ್ದು, ಒಂದು ನಿಮಿಷವೂ ಹಿಡಿಯಲಿಲ್ಲ.

ಏಳು ತಿಂಗಳಾಯಿತು, ಹೈಡ್ರೊಕಾರ್ಟಿಸೋನ್ ಇನ್ನೂ ಪೂರ್ತಿ ನಿಂತಿಲ್ಲ. ಮೊಣಕಾಲು ನೋವು ಮಾತ್ರ ಯಾವತ್ತೋ ವಾಪಸ್ ಬಂದಿದೆ.