25 ಡಾಲರಿನ 4 ಚೀಟಿಗಳು: ಸಿಯಾಟಲ್‌ನ ಡೆಮಾಕ್ರಸಿ ವೌಚರ್ ಬಳಸಿ ನೋಡಿದ ಮೇಲೆ

ಸಿಯಾಟಲ್‌ನಲ್ಲಿ ಗ್ರೀನ್ ಕಾರ್ಡ್ ಮೇಲೆ ನೆಲೆಸಿರುವವರಿಗೆ ನಗರಸಭೆಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿಲ್ಲ. ಆದರೆ ಅದೇ ಚುನಾವಣೆಗೆ ನಿಂತವರಿಗೆ, ನಗರದ ಖಜಾನೆಯ ಹಣದಿಂದಲೇ, ದೇಣಿಗೆ ಕೊಡುವ ಹಕ್ಕಿದೆ. ಡೆಮಾಕ್ರಸಿ ವೌಚರ್ ಎಂಬ ಈ ಸೌಲಭ್ಯವನ್ನು ಮತದಾರರು 2015ರಲ್ಲಿ ಒಪ್ಪಿಕೊಂಡರು, 2017ರ ಚುನಾವಣೆಯಲ್ಲಿ ಅದು ಮೊದಲ ಬಾರಿಗೆ ಬಳಕೆಗೆ ಬಂತು. ನಾನು ಬಳಸಿದ್ದು 2021ರಲ್ಲಿ. ಯಾವುದೇ ಸೇವೆಯನ್ನು ಅಳೆಯುವ ಹಾಗೆಯೇ ಇದನ್ನೂ ಅಳೆಯಬಹುದೆಂದು ನನಗೆ ಅನ್ನಿಸಿದ್ದರಿಂದ ಈ ಬರಹ.

ಕ್ರಮ ಸರಳವಾಗಿದೆ. 18 ವರ್ಷ ತುಂಬಿದ ಅರ್ಹ ನಿವಾಸಿಗೆ ಚುನಾವಣೆಯ ವರ್ಷದಲ್ಲಿ ತಲಾ 25 ಡಾಲರಿನ 4 ಚೀಟಿಗಳು ಸಿಗುತ್ತವೆ. ಮತದಾರರ ಪಟ್ಟಿಯಲ್ಲಿರುವವರಿಗೆ ಅವು ತಾವಾಗಿಯೇ ಅಂಚೆಯಲ್ಲಿ ಬರುತ್ತವೆ, ನಮ್ಮಂಥವರು ಅರ್ಜಿ ಹಾಕಬೇಕು. ಚೀಟಿಯ ಮೇಲೆ ಹೆಸರು ಮತ್ತು ಒಂದು ಗುರುತಿನ ಸಂಖ್ಯೆ ಮೊದಲೇ ಅಚ್ಚಾಗಿರುತ್ತದೆ. ಅಭ್ಯರ್ಥಿಯ ಹೆಸರು, ದಿನಾಂಕ, ಸಹಿ ಇಷ್ಟನ್ನು ನಾವು ತುಂಬಬೇಕು. ಕಡತದಲ್ಲಿರುವ ಸಹಿಯೊಂದಿಗೆ ಈ ಸಹಿಯನ್ನು ತಾಳೆ ನೋಡುತ್ತಾರೆ ಎಂದು ತಿಳಿದಾಗ ನನಗೆ ಸ್ವಲ್ಪ ಗಾಬರಿಯಾಯಿತು, ಏಕೆಂದರೆ ನನ್ನ ಸಹಿ ಮೊದಲಿನಿಂದಲೂ ಕನ್ನಡದಲ್ಲಿದೆ ಮತ್ತು ಅರ್ಜಿಯಲ್ಲಿ ಕೊನೆಯ ಒತ್ತಕ್ಷರದ ಬಾಲವನ್ನು ಎಷ್ಟು ಉದ್ದ ಎಳೆದಿದ್ದೆನೆಂಬುದು ನೆನಪಿರಲಿಲ್ಲ. ಹಳೆಯ ರಸೀದಿಯೊಂದರ ಹಿಂಬದಿಯಲ್ಲಿ ಐದಾರು ಸಲ ಬರೆದು ಕೈ ಪಳಗಿಸಿಕೊಂಡು ಆಮೇಲೆ ಚೀಟಿಗೆ ಸಹಿ ಹಾಕಿದೆ. ತಕರಾರು ಬರಲಿಲ್ಲ.

ಮೊದಲೇ ತಿಳಿದಿರಬೇಕಾದ ಸಂಗತಿಯೊಂದಿದೆ. ಮತಪತ್ರ ಗುಟ್ಟಿನದು, ಈ ಚೀಟಿ ಹಾಗಲ್ಲ. ಯಾರು ಯಾರಿಗೆ ಕೊಟ್ಟರೆಂಬುದು ಸಾರ್ವಜನಿಕ ದಾಖಲೆಯಾಗುತ್ತದೆ, ಕೊಟ್ಟ ಮೇಲೆ ಹಿಂಪಡೆಯಲೂ ಆಗದು. ಆದ್ದರಿಂದ ನಾನು ಯಾರಿಗೆ ಕೊಟ್ಟೆ ಎಂಬುದನ್ನು ಬಲ್ಲವರು ಹುಡುಕಿಕೊಳ್ಳಬಹುದು, ಇಲ್ಲಿ ಬರೆಯುವುದಿಲ್ಲ.

ಈ ಸೇವೆಯಿಂದ ಬಳಕೆದಾರನಿಗೆ ಸಿಗುವುದಾದರೂ ಏನು? ನನ್ನ ಮಟ್ಟಿಗೆ, ಬಾಗಿಲಿಗೆ ಬಂದು ನಿಂತ ಒಬ್ಬ ಕಾರ್ಯಕರ್ತೆ ಮತ್ತು ಆಕೆಯೊಡನೆ ನಡೆದ ಕಾಲು ಗಂಟೆಯ ಮಾತು. ಮತವಿಲ್ಲದವನ ಬಾಗಿಲನ್ನು ಬೇರಾವ ಕಾರಣಕ್ಕೂ ಯಾರೂ ತಟ್ಟುತ್ತಿರಲಿಲ್ಲ. ಆ ವರ್ಷ ಟೆರೇಸಾ ಮೊಸ್ಕೇಡಾ ಎರಡನೇ ಅವಧಿಗೆ ಸ್ಪರ್ಧಿಸಿದ್ದರು. 2017ರಲ್ಲಿ ಇದೇ ಚೀಟಿಗಳ ನೆರವಿನಿಂದ ಗೆದ್ದಿದ್ದ ಪ್ರಗತಿಪರ ಸದಸ್ಯೆ ಅವರು. 2018ರಲ್ಲಿ ದೊಡ್ಡ ಕಂಪನಿಗಳ ಮೇಲೆ ಉದ್ಯೋಗಿಯೊಬ್ಬರಿಗೆ 275 ಡಾಲರಿನಂತೆ ಹಾಕಿದ್ದ ತಲೆಗಂದಾಯವನ್ನು ನಗರಸಭೆ ಒಂದು ತಿಂಗಳೊಳಗೇ ರದ್ದು ಮಾಡಿದಾಗ ವಿರೋಧಿಸಿದ್ದು ಇಬ್ಬರೇ: ಕ್ಷಮಾ ಸಾವಂತ್ ಮತ್ತು ಮೊಸ್ಕೇಡಾ. ಎರಡು ವರ್ಷಗಳ ನಂತರ, 2020ರ ಜುಲೈನಲ್ಲಿ, ಮೊಸ್ಕೇಡಾ ಅವರೇ ಮುಂದೆ ನಿಂತು ಜಂಪ್‌ಸ್ಟಾರ್ಟ್ ತೆರಿಗೆಯನ್ನು 7-2 ಮತಗಳಿಂದ ಗೆಲ್ಲಿಸಿಕೊಂಡರು. ಆಗಿನ ನಿಯಮದಂತೆ, ವರ್ಷಕ್ಕೆ 70 ಲಕ್ಷ ಡಾಲರಿಗಿಂತ ಹೆಚ್ಚು ಸಂಬಳದ ಖರ್ಚಿರುವ ಕಂಪನಿಗಳು, 1.5 ಲಕ್ಷ ಡಾಲರ್ ಮತ್ತು ಅದಕ್ಕಿಂತ ಮೇಲಿನ ಸಂಬಳಗಳ ಮೇಲೆ ಇದನ್ನು ಕಟ್ಟಬೇಕಿತ್ತು. ಕಟ್ಟುವುದು ಕಂಪನಿ, ನೌಕರನ ಸಂಬಳದಿಂದ ಕಡಿತವಾಗುವುದಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಪರಿಚಿತರಲ್ಲಿ ಅರ್ಧದಷ್ಟು ಜನರಿಗೆ ಈ ಮಾತನ್ನು ಇನ್ನೂ ಬಿಡಿಸಿ ಹೇಳುತ್ತಲೇ ಇದ್ದೇನೆ.

ಹೀಗಾಗಿ ಎರಡನೇ ಅವಧಿಯ ಆದ್ಯತೆ ಎಂದರೆ ಹೊಸ ಘೋಷಣೆಗಿಂತ ಹೆಚ್ಚಾಗಿ ಕಾವಲಿನ ಕೆಲಸವಾಗಿತ್ತು. ಜಂಪ್‌ಸ್ಟಾರ್ಟ್ ಹಣದಲ್ಲಿ 62% ಕೈಗೆಟುಕುವ ಬಾಡಿಗೆಯ ವಸತಿಗೆ, 15% ಸಣ್ಣ ವ್ಯಾಪಾರ ಮತ್ತು ಸ್ಥಳೀಯ ಆರ್ಥಿಕತೆಗೆ, ಉಳಿದದ್ದು ಹವಾಮಾನದ ಕೆಲಸ, ಹಿಂದುಳಿದ ಬಡಾವಣೆಗಳ ಅಭಿವೃದ್ಧಿ ಮತ್ತು ಆಡಳಿತದ ಖರ್ಚಿಗೆ ಎಂದು ಹಂಚಿಕೆಯಾಗಿತ್ತು. ಬಜೆಟ್ಟಿನಲ್ಲಿ ತೂತು ಬಿದ್ದ ವರ್ಷ ಈ ಹಂಚಿಕೆ ಉಳಿಯುತ್ತದೆಯೇ ಎಂದು ಬಾಗಿಲಲ್ಲಿ ನಿಂತವಳನ್ನು ಕೇಳಿದೆ. ಆಕೆ ಬೇರೊಬ್ಬ ಅಭ್ಯರ್ಥಿಯ ಪರವಾಗಿ ಬಂದವಳು. ಆದರೂ ಪ್ರಶ್ನೆಯನ್ನು ಕೈಯಲ್ಲಿದ್ದ ಹಾಳೆಯ ಅಂಚಿನಲ್ಲಿ ಬರೆದುಕೊಂಡಳು, ಮರುವಾರ ಫೋನಿನಲ್ಲಿ ಉತ್ತರವನ್ನೂ ಹೇಳಿದಳು. ಉತ್ತರ ಸುಮಾರಾಗಿತ್ತು.

ಈ ಸೇವೆಗೆ ವಾರಂಟಿ ಇಲ್ಲ. ಮೊಸ್ಕೇಡಾ ಮತ್ತೆ ಗೆದ್ದರು, ಬಜೆಟ್ ಸಮಿತಿಯನ್ನು ನಡೆಸಿದರು. ಆದರೆ ನಾಲ್ಕು ವರ್ಷದ ಅವಧಿಯ ನಡುವೆಯೇ, 2023ರಲ್ಲಿ, ಸಿಯಾಟಲ್ ಸೇರಿರುವ ಕಿಂಗ್ ಕೌಂಟಿಯ ಸಭೆಗೆ ಆಯ್ಕೆಯಾಗಿ ನಗರಸಭೆಯನ್ನು ಬಿಟ್ಟರು. 2024ರ ಕೊನೆಯಲ್ಲಿ, ಸಾಮಾನ್ಯ ಬಜೆಟ್ಟಿನ ಕೊರತೆ ತುಂಬಲು, ಹೊಸ ನಗರಸಭೆ ಜಂಪ್‌ಸ್ಟಾರ್ಟ್ ತೆರಿಗೆಯ ಹಣದ ದೊಡ್ಡ ಪಾಲನ್ನು ತಿರುಗಿಸಿತು. ಕಾನೂನುಬದ್ಧವಾಗಿ ನಡೆದ ಕೆಲಸವೇ ಅದು, ಮತ್ತು ಕೊರತೆಯೂ ನಿಜವಾದದ್ದೇ. ಆದರೆ ಎರಡನೇ ಅವಧಿಯ ಆದ್ಯತೆಗಳನ್ನು ನಂಬಿ ಚೀಟಿ ಕೊಟ್ಟವರ ಪಾಲಿಗೆ, ಅವಧಿಯೇ ಅರ್ಧಕ್ಕೆ ನಿಂತದ್ದು ಸಣ್ಣ ನಿರಾಸೆಯಲ್ಲ.

ಇನ್ನೊಂದು ಮಿತಿ ವಿನ್ಯಾಸದೊಳಗೇ ಇದೆ. ಚೀಟಿ ಪಡೆಯುವ ಅಭ್ಯರ್ಥಿ ವೆಚ್ಚದ ಮಿತಿಗೆ ಒಪ್ಪಬೇಕು, ಆದರೆ ಹೊರಗಿನಿಂದ ಸ್ವತಂತ್ರವಾಗಿ ಖರ್ಚು ಮಾಡುವವರಿಗೆ ಆ ಮಿತಿ ಅನ್ವಯಿಸುವುದಿಲ್ಲ. 2019ರಲ್ಲಿ ಅಮೆಜಾನ್ ಒಂದೇ ಸುಮಾರು 15 ಲಕ್ಷ ಡಾಲರನ್ನು ವಾಣಿಜ್ಯ ಮಂಡಳಿಯ ರಾಜಕೀಯ ನಿಧಿಗೆ ಸುರಿಯಿತು. ಅದು 60,000 ಚೀಟಿಗಳ ಮೊತ್ತ. ಆ ನಿಧಿ ಬೆಂಬಲಿಸಿದ ಹೆಚ್ಚಿನವರು ಸೋತರೆಂಬುದು ಬೇರೆ ಮಾತು.

ಬೆಲೆಯ ಬಗ್ಗೆ ದೂರಲು ನನಗೆ ಹೆಚ್ಚೇನೂ ಇಲ್ಲ. ಇದಕ್ಕಾಗಿ ಆಸ್ತಿ ತೆರಿಗೆಯಿಂದ ವರ್ಷಕ್ಕೆ 30 ಲಕ್ಷ ಡಾಲರ್ ಎತ್ತುತ್ತಿದ್ದರು. ಒಪ್ಪದ ರಾಜಕೀಯಕ್ಕೆ ತಮ್ಮ ಹಣ ಹೋಗುತ್ತದೆಂದು ಆಸ್ತಿ ಮಾಲೀಕರು ಹೂಡಿದ ಮೊಕದ್ದಮೆಯನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಒಮ್ಮತದಿಂದ ತಳ್ಳಿಹಾಕಿತು. 2025ರ ಆಗಸ್ಟ್‌ನಲ್ಲಿ ಮತದಾರರು ಮೊತ್ತವನ್ನು ವರ್ಷಕ್ಕೆ 45 ಲಕ್ಷಕ್ಕೆ ಏರಿಸಿ ಇನ್ನೂ 10 ವರ್ಷಕ್ಕೆ ಮುಂದುವರಿಸಿದರು. ಬೇಸರದ ಸಂಗತಿಯೆಂದರೆ, ಚೀಟಿಗಳು ಮನೆಗೇ ಬಂದರೂ ಬಹುಪಾಲು ಜನ ಬಳಸುವುದಿಲ್ಲ. ಮೊದಲ ವರ್ಷ ಬಳಸಿದವರು 100ಕ್ಕೆ 5ಕ್ಕಿಂತ ಕಡಿಮೆ.

ಗ್ರೀನ್ ಕಾರ್ಡ್ ಇರುವ, ಆ ನಗರದಲ್ಲಿ ಬಾಡಿಗೆ ಕಟ್ಟುವ ಯಾರಿಗಾದರೂ ಇದನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ, ಅರ್ಜಿಯನ್ನು ವರ್ಷದ ಆರಂಭದಲ್ಲೇ ಹಾಕಿ ಎಂಬ ಸೂಚನೆಯೊಂದಿಗೆ. ನಾನು ಬಳಸಿದ್ದು ಮೂರನ್ನು. ಇನ್ನೂ ಒಳ್ಳೆಯ ಉತ್ತರ ಕೊಡುವ ಅಭ್ಯರ್ಥಿ ಸಿಗಬಹುದೆಂದು ಎತ್ತಿಟ್ಟ ನಾಲ್ಕನೆಯದು ನವೆಂಬರ್ ದಾಟಿ, ಮೇಜಿನ ಖಾನೆಯಲ್ಲಿ, ಸಹಿ ಅಭ್ಯಾಸ ಮಾಡಿದ ಆ ರಸೀದಿಯ ಜೊತೆಯಲ್ಲಿಯೇ ಉಳಿದುಹೋಯಿತು.